ಅರೆಬೆಂದ ರೊಟ್ಟಿಯ ಓಣಿ

ಮೊರಾವಿಯಾ ಸೀಮೆಯಲ್ಲಿ ಲಿಪೋಹ್ರಾದ್ ಎಂಬ ಸಣ್ಣ ಪಟ್ಟಣವಿದೆ. ಗುಡ್ಡದ ಮೇಲೆ ಕೋಟೆ, ಅದರ ಬುಡದಲ್ಲಿ ಕೆಂಪು ಹೆಂಚಿನ ಮನೆಗಳು, ಅವನ್ನು ಬಳಸಿ ಹರಿಯುವ ಒಂದು ಹೊಳೆ. ಬಂದವರೆಲ್ಲ ಬೆಳಿಗ್ಗೆ ಕೋಟೆ ಹತ್ತುತ್ತಾರೆ, ನಾನೂ ಹತ್ತಿದೆ. ಕೋಟೆ ಎಂದರೆ ಚಿತ್ರದುರ್ಗವಾದರೂ ಅಷ್ಟೆ, ಯುರೋಪಾದರೂ ಅಷ್ಟೆ. ಏದುಸಿರು ಬಿಡುತ್ತ ಮೇಲೇರಬೇಕು, ಫಿರಂಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಅಷ್ಟು ದೊಡ್ಡ ಒಡೆಯ ಇಷ್ಟು ಕಿರಿದಾದ ಮಂಚದಲ್ಲಿ ಹೇಗೆ ಮಲಗುತ್ತಿದ್ದನೋ ಎಂದು ಬೆರಗಾಗಬೇಕು. ಇದನ್ನೆಲ್ಲ ಮುಗಿಸಿ ಇಳಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಆದರೆ ಚೌಕದ ಒಂದು ಹೋಟೆಲಿನಲ್ಲೂ ಬಿಸಿ ಕಾಫಿ ಸಿಗಲಿಲ್ಲ. ಅಂದು ಜುಲೈ ತಿಂಗಳ ಸಂತ ಯಾಕೋಬನ ದಿನವಂತೆ, ಆ ದಿನ ಮಧ್ಯಾಹ್ನ ಊರಿನಲ್ಲಿ ಯಾರೂ ಒಲೆ ಹಚ್ಚುವುದಿಲ್ಲವಂತೆ. ಇಂಥ ದಿನವನ್ನೇ ಹುಡುಕಿಕೊಂಡು ಬಂದ ನನ್ನ ಅದೃಷ್ಟವನ್ನು ನಾನೇ ಹೊಗಳಿಕೊಂಡೆ.

ಊರು ತೋರಿಸುತ್ತಿದ್ದ ಯರ್ಮಿಲಾ ಎಂಬ ನಿವೃತ್ತ ಶಿಕ್ಷಕಿ ನನ್ನ ಮುಖ ನೋಡಿ ನಕ್ಕು ಚರ್ಚಿನ ಹಿಂದಿನ ಓಣಿಗೆ ಕರೆದೊಯ್ದರು. ಅಲ್ಲಿ ಎರಡು ಹಳೆಯ ರೊಟ್ಟಿ ಅಂಗಡಿಗಳು ಎದುರುಬದುರಾಗಿವೆ. ಬಲಗಡೆಯ ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತು, ಬೆಳಿಗ್ಗೆ ಬೇಕೆಂದೇ ಅರ್ಧ ಬೇಯಿಸಿಟ್ಟ ಬಿಳುಚಿದ ರೊಟ್ಟಿಯನ್ನು ಕೊಳ್ಳುತ್ತಿದ್ದರು. ನಾನೂ ಒಂದು ಕೊಂಡು ಕಚ್ಚಿದೆ, ಅದು ಅಂಗುಳಿಗೆ ಅಂಟಿಕೊಂಡಿತು. ದುಡ್ಡು ಕೊಟ್ಟು ಹಸಿ ಹಿಟ್ಟು ತಿನ್ನುವ ಊರನ್ನು ನಾನು ಅದೇ ಮೊದಲು ನೋಡಿದ್ದು. ಗೋಡೆಯ ಫಲಕದಲ್ಲಿ ಓಣಿಯ ಹೆಸರೂ ಅದೇ ಇದೆ, ಅರೆಬೆಂದ ರೊಟ್ಟಿಯ ಓಣಿ ಎಂದು. ಆ ಹೆಸರು ಬಂದ ಬಗೆಯನ್ನು ಊರಿನವರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಊರಿನಲ್ಲಿ ರೊಟ್ಟಿ ಸುಟ್ಟು ಮಾರುವ ಹಕ್ಕು ಎರಡೇ ಒಲೆಗಳಿಗೆ ಇತ್ತು. ಆ ಹಕ್ಕನ್ನು ಕೊಡುವವನೂ ಕಿತ್ತುಕೊಳ್ಳುವವನೂ ಕೋಟೆಯ ಒಡೆಯ. ಪ್ರತಿವರ್ಷ ಸಂತ ಯಾಕೋಬನ ದಿನ ಮಧ್ಯಾಹ್ನದ ಗಂಟೆ ಬಾರಿಸುವಾಗ ಅವನ ಪಾರುಪತ್ಯಗಾರ ಬುರುಜಿನ ಮೇಲೆ ನಿಂತು ಕೆಳಗೆ ನೋಡುತ್ತಿದ್ದ. ಯಾವ ಒಲೆಯ ಚಿಮಣಿಯಲ್ಲಿ ಆಗ ಹೊಗೆ ಕಾಣುವುದಿಲ್ಲವೋ ಆ ಒಲೆಯ ಹಕ್ಕು ಅಲ್ಲಿಗೆ ಮುಗಿಯಿತು. ಓಣಿಯ ಎಡಗಡೆಯ ಒಲೆ ಡೊರೊಟಾ ಎಂಬಾಕೆಯ ಗಂಡನದು. ಬಲಗಡೆಯದು ವಾವ್ರಾ ಎಂಬವನದು. ವಾವ್ರಾ ಕೆಟ್ಟವನಲ್ಲ, ಆದರೆ ಕೈ ಬಿಗಿ; ರೊಟ್ಟಿ ಕೊಂಡವರಿಗೆ ಅದರ ಮೇಲಿನ ಹಿಟ್ಟಿನ ಪುಡಿಯನ್ನೂ ಕೊಡವಿ ಕೊಡುತ್ತಿದ್ದ ಎನ್ನುತ್ತಾರೆ. ಎದುರಿನ ಒಲೆ ಆರಿದರೆ ಇಡೀ ಊರು ತನ್ನ ಗಿರಾಕಿಯಾದೀತು ಎಂಬ ಆಸೆ ಅವನಿಗೆ ಇಲ್ಲದಿರಲಿಲ್ಲ.

ಒಂದು ವಸಂತದಲ್ಲಿ ಡೊರೊಟಾಳ ಗಂಡ ಜ್ವರದಿಂದ ತೀರಿಕೊಂಡ. ಸೂತಕದ ದಿನಗಳಲ್ಲಿ ಆಕೆ ಒಲೆ ಹಚ್ಚಲಿಲ್ಲ. ಅದೇ ಹೊತ್ತಿಗೆ ದಕ್ಷಿಣದಿಂದ ಬಂದ ಒಂದು ಜೋಡಿ ಕೊಕ್ಕರೆ ತಣ್ಣಗಿದ್ದ ಆ ಚಿಮಣಿಯನ್ನು ನೋಡಿ ಅದರ ಬಾಯಿಗೇ ಕಡ್ಡಿ ಹೊತ್ತು ಹಾಕಿ ಗೂಡು ಕಟ್ಟಿದವು. ಆಕೆ ಕಣ್ಣೊರೆಸಿಕೊಂಡು ಹಿಟ್ಟು ನಾದಲು ಎದ್ದಾಗ ಗೂಡಿನಲ್ಲಿ ಮೊಟ್ಟೆಗಳಿದ್ದವು. ಆ ಸೀಮೆಯಲ್ಲಿ ಕೊಕ್ಕರೆಯ ಗೂಡಿಗೆ ಕೈ ಹಚ್ಚುವುದು ಪಾಪದ ಕೆಲಸ. ನಮ್ಮ ಮದ್ದೂರಿನ ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಆ ಹಕ್ಕಿಗಳನ್ನು ಬಾಣಂತನಕ್ಕೆ ಬಂದ ಮನೆಮಗಳಂತೆ ಕಾಣುತ್ತಾರಲ್ಲ, ಹಾಗೆಯೇ ಇದು. ಆದರೂ ನೆರೆಯವರು ಡೊರೊಟಾಳಿಗೆ ಬುದ್ಧಿ ಹೇಳಿದರು. ಹಕ್ಕು ಹೋದರೆ ಎರಡು ಹೆಣ್ಣು ಕೂಸುಗಳನ್ನು ಕಟ್ಟಿಕೊಂಡು ಊರು ಬಿಡಬೇಕಾಗುತ್ತದೆ, ಒಂದಿಷ್ಟು ಹಸಿ ಹುಲ್ಲಿನ ಹೊಗೆ ಹಾಕು, ಹಕ್ಕಿಗಳು ತಾವೇ ಹೋಗುತ್ತವೆ ಎಂದರು. ಆಕೆ ಒಪ್ಪಲಿಲ್ಲ.

"ಗಂಡ ಹೋದ ಮನೆಗೆ ಕರೀದೆ ಬಂದ ನೆಂಟರು ಇವು. ಹೊಗೆ ಹಾಕಿ ಹೆಂಗೆ ಓಡಿಸ್ಲಿ?" ಎಂದಳಂತೆ.

ಬೇಸಗೆಯೆಲ್ಲ ಆಕೆ ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಮೊಟ್ಟೆಯೊಡೆದು ಮರಿಗಳು ಬಂದವು, ಬೆಳೆದವು, ಆದರೆ ಸಂತ ಯಾಕೋಬನ ದಿನ ಹತ್ತಿರವಾದರೂ ಹಾರಲಿಲ್ಲ. ಹಬ್ಬದ ಹಿಂದಿನ ದಿನ ಬಾವಿಕಟ್ಟೆಯಲ್ಲಿ ಹೆಂಗಸರ ನಡುವೆ ಒಂದು ಮಾತು ಹುಟ್ಟಿತು. ನಾಳೆ ಯಾರೂ ಒಲೆ ಹಚ್ಚುವುದು ಬೇಡ, ಊರಿನಲ್ಲೆಲ್ಲೂ ಹೊಗೆ ಏಳದಿದ್ದರೆ ಒಡೆಯ ಯಾರ ಹಕ್ಕನ್ನು ಕಿತ್ತುಕೊಳ್ಳುತ್ತಾನೋ ನೋಡೋಣ ಎಂದು. ಈ ಮಾತನ್ನು ಮೊದಲು ಆಡಿದವಳು ತಮ್ಮ ಮನೆತನದ ಅಜ್ಜಿಯೇ ಎಂದು ಇಂದಿಗೂ ಊರಿನ ಪ್ರತಿ ಮನೆಯವರೂ ಹೇಳುತ್ತಾರೆ. ಡೊರೊಟಾ ಮಾತ್ರ ಯಾರನ್ನೂ ಏನೂ ಕೇಳಿರಲಿಲ್ಲ.

ಮರುದಿನ ಊರು ತಣ್ಣಗಿತ್ತು. ಹೊಗೆ ಏಳುತ್ತಿದ್ದುದು ವಾವ್ರಾನ ಚಿಮಣಿಯಲ್ಲಿ ಮಾತ್ರ. ಅವನು ನಸುಕಿನಲ್ಲೇ ಒಲೆ ಹಚ್ಚಿ, ಹಬ್ಬದ ಕೊನೆಯ ಸರದಿಯ ರೊಟ್ಟಿಯನ್ನು ಆಗತಾನೇ ಒಳಗೆ ತಳ್ಳಿದ್ದ. ಅವನು ಸುಮ್ಮನಿದ್ದರೆ ಸಾಕಿತ್ತು, ಗಂಟೆ ಬಾರಿಸಿದ ಕ್ಷಣದಲ್ಲಿ ಊರಿನ ಒಂದೇ ಒಲೆ ಅವನದಾಗುತ್ತಿತ್ತು. ಒಲೆ ಆರಿಸಿದರೆ ಇರುವ ಹಕ್ಕೂ ಹೋಗಬಹುದಿತ್ತು. ಹೆಂಗಸರು ಅಂಗಡಿಯ ಮುಂದೆ ಬಂದು ನಿಂತರು. ಬೈಯಲಿಲ್ಲ, ಬೇಡಲೂ ಇಲ್ಲ. ವಾವ್ರಾ ಬಾಗಿಲಿಗೆ ಬಂದು ಅವರನ್ನು ನೋಡಿದ, ಎದುರಿನ ಚಿಮಣಿಯನ್ನು ನೋಡಿದ. ಮರಿಗಳು ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿದ್ದವು, ಹಾರಲು ಧೈರ್ಯ ಸಾಲದೆ ಮತ್ತೆ ಕೂರುತ್ತಿದ್ದವು. ಅವನು ಒಳಗೆ ಹೋಗಿ ಅರ್ಧ ಬೆಂದ ರೊಟ್ಟಿಗಳನ್ನು ಮಾರುದ್ದದ ಹಿಡಿಯ ಹಲಗೆಯಿಂದ ಹೊರಗೆಳೆದು ಹಾಕಿ, ಕೆಂಡದ ಮೇಲೆ ನೀರು ಸುರಿದ.

"ಉಪಕಾರ ಅಂತ ಯಾರೂ ಹೇಳ್ಬೇಡಿ," ಎಂದು ಹೊರಗೆ ಬಂದು ಗೊಣಗಿದನಂತೆ. "ಬರೋ ವರ್ಷ ಅವು ನನ್ನ ಚಿಮಣಿ ಮೇಲೆ ಕೂತ್ರೆ ನಾನೇನ್ ಮಾಡ್ಲಿ?"

ಗಂಟೆ ಬಾರಿಸಿತು. ಬುರುಜಿನ ಮೇಲಿದ್ದ ಪಾರುಪತ್ಯಗಾರನಿಗೆ ಕೆಳಗೆ ಒಂದು ಎಳೆ ಹೊಗೆಯೂ ಕಾಣಲಿಲ್ಲ. ಊರಿಗೆ ಪ್ಲೇಗು ಬಡಿಯಿತೆಂದು ಅವನು ಓಡಿ ಒಡೆಯನಿಗೆ ತಿಳಿಸಿದ. ಒಡೆಯ ತಾನೇ ಕುದುರೆಯೇರಿ ಇಳಿದು ಬಂದು ನೋಡಿದರೆ ಜನರೆಲ್ಲ ಗಟ್ಟಿಮುಟ್ಟಾಗಿ ಓಣಿಯಲ್ಲಿ ನಿಂತಿದ್ದಾರೆ. ಕಾನೂನಿನಂತೆ ಎರಡೂ ಒಲೆಗಳ ಹಕ್ಕು ಹೋಗಬೇಕು, ಹೋದರೆ ಕೋಟೆಯ ಊಟದ ಮೇಜಿಗೆ ನಾಳೆಯಿಂದ ರೊಟ್ಟಿಯಿಲ್ಲ. ಹಸಿದು ಬಂದಿದ್ದವನಿಗೆ ಯಾರೋ ವಾವ್ರಾನ ಅರೆಬೆಂದ ರೊಟ್ಟಿಯನ್ನೇ ಕೊಟ್ಟರು. ಅವನು ಅದನ್ನು ಬಹಳ ಹೊತ್ತು ಅಗಿದ. ಒಲೆ ಏಕೆ ಹಚ್ಚಲಿಲ್ಲವೆಂದು ಡೊರೊಟಾಳನ್ನು ಕೇಳಿದಾಗ ಆಕೆ ಮೇಲೆ ಕೈ ತೋರಿಸಿದಳು.

"ಇನ್ನು ಸ್ವಲ್ಪ ದಿನ ಒಡೆಯಾ. ಅವುಕ್ಕೆ ರೆಕ್ಕೆ ಬಲೀಲಿ."

ಒಡೆಯ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ, ಹಕ್ಕಿಗಳು ಹೋದ ಮೇಲೆ ಹೊಗೆ ನೋಡುವುದಾಗಿ ಹೇಳಿ ಕುದುರೆ ತಿರುಗಿಸಿದ. ಎರಡು ಒಲೆಗಳೂ ಉಳಿದವು. ಮರಿಗಳು ಹಾರಿಹೋದ ಮೇಲೆ ಡೊರೊಟಾ ಮನೆಯ ಪಕ್ಕದ ಗೋಡೆಗೆ ಸೊಟ್ಟಗಿನ ಇನ್ನೊಂದು ಚಿಮಣಿ ಕಟ್ಟಿಸಿಕೊಂಡು ಒಲೆ ಹಚ್ಚಿದಳು. ಹಳೆಯದನ್ನು ಹಕ್ಕಿಗಳಿಗೇ ಬಿಟ್ಟಳು.

ಆ ಸೊಟ್ಟ ಚಿಮಣಿ ಇಂದಿಗೂ ಇದೆ. ಅದರ ಪಕ್ಕದ ಹಳೆಯ ಚಿಮಣಿಯ ಮೇಲೆ ನಾನು ಹೋದ ದಿನವೂ ಒಂದು ಕೊಕ್ಕರೆ ಒಂಟಿಕಾಲಿನಲ್ಲಿ ನಿಂತಿತ್ತು. ಬಂದವರೆಲ್ಲ ಅದರ ಫೋಟೊ ತೆಗೆಯುತ್ತಾರೆ. ಯರ್ಮಿಲಾ ನನ್ನ ತೋಳು ಮುಟ್ಟಿ ಎದುರಿನ ಅಂಗಡಿಯ ಮೇಲೆ ನೋಡಲು ಹೇಳಿದರು. ಅಲ್ಲಿ ವಾವ್ರಾನ ಚಿಮಣಿಯ ಮೇಲೆ ನಾಲ್ಕು ಕಬ್ಬಿಣದ ಕಾಲುಗಳನ್ನು ನಿಲ್ಲಿಸಿ, ಗೂಡಿಗೆ ಆಸರೆಯಾಗಲೆಂದು ಒಂದು ಗಾಡಿಯ ಚಕ್ರವನ್ನು ಮಲಗಿಸಿದೆ. ಮರುವರ್ಷ ಅದನ್ನು ವಾವ್ರಾನೇ ಕೂರಿಸಿದನಂತೆ. ಬದುಕಿರುವವರೆಗೂ ಪ್ರತಿ ವಸಂತದಲ್ಲಿ ಕೆಲವು ದಿನ ಒಲೆ ಹಚ್ಚದೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಿದ್ದನಂತೆ, ಆ ದಿನಗಳಲ್ಲಿ ಅವನ ಗಿರಾಕಿಗಳಿಗೆ ಡೊರೊಟಾ ರೊಟ್ಟಿ ಸುಟ್ಟು ಕೊಡುತ್ತಿದ್ದಳಂತೆ. ಚಕ್ರ ಕೊಳೆತಾಗಲೆಲ್ಲ ಅವನ ಮನೆಯವರು ಹೊಸದನ್ನು ಕೂರಿಸುತ್ತ ಬಂದಿದ್ದಾರೆ. ಅದರ ಮೇಲೆ ಇದುವರೆಗೆ ಒಂದು ಕೊಕ್ಕರೆಯೂ ಕೂತಿಲ್ಲ.