ಉಪ್ಪಿಲ್ಲದ ಪಲ್ಯ

ಹೊಳೆಯ ದಂಡೆಗೆ ಒಂದು ಸಣ್ಣ ಮಠವಿತ್ತು. ಅಲ್ಲಿನ ಗುರುಗಳ ಹೆಸರು ಅಡವೆಪ್ಪಜ್ಜ. ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ನಿರುಪಾದಿ ಅವರ ಶಿಷ್ಯ. ಮಠಕ್ಕೆ ಬರುವ ಮುಂಚೆ ಅವನು ದೊಡ್ಡ ತಿಂಡಿಪೋತ. ಮದುವೆಗೆ ಹೋದರೆ ಮೊದಲು ಅಡುಗೆಮನೆಗೆ ಇಣುಕಿ, ಆಮೇಲೆ ಮದುಮಕ್ಕಳನ್ನು ನೋಡುತ್ತಿದ್ದ. ಊರಲ್ಲಿ ಅದೇ ಮಾತಾಗಿತ್ತು. ಅವನ ಕಿವಿಗೂ ಬಿದ್ದಿತ್ತು.

ಮಠಕ್ಕೆ ಬಂದವನೇ ಒಂದು ವ್ರತ ಹಿಡಿದ. ನಾಲಿಗೆಯನ್ನು ಗೆಲ್ಲಬೇಕು.

ರೊಟ್ಟಿ, ಪಲ್ಯ, ಬಾಳೆಹಣ್ಣು, ಮಜ್ಜಿಗೆ, ಏನು ಬಡಿಸಿದರೂ ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕುತ್ತಿದ್ದ. ಮೇಲೆ ನೀರು ಸುರಿದು, ಕಲಸಿ, ಗಟಗಟ ನುಂಗುತ್ತಿದ್ದ.

ಅಜ್ಜಾರು ನೋಡುತ್ತಿದ್ದರು.

ಹೀಗಿರುವಾಗ ಮಠದಲ್ಲಿ ಅಡುಗೆ ಮಾಡುತ್ತಿದ್ದ ಗಂಗವ್ವ ಮಗಳ ಬಾಣಂತನಕ್ಕೆಂದು ಊರಿಗೆ ಹೋದಳು. ಅಜ್ಜಾರು ನಿರುಪಾದಿಯನ್ನು ಕರೆದರು.

“ಆಕಿ ಬರೋತನಕ ಒಲಿ ನಿಂದು.”

ನಿರುಪಾದಿಗೆ ಖುಷಿಯಾಯಿತು. ತಾನು ಕಂಡುಕೊಂಡದ್ದನ್ನು ಇನ್ನು ಎಲ್ಲರಿಗೂ ಉಣಬಡಿಸಬಹುದು ಎಂದುಕೊಂಡ.

ಮರುದಿನವೇ ಒಗ್ಗರಣೆ ಸೌಟು ಮೂಲೆ ಸೇರಿತು. ಖಾರದ ಡಬ್ಬಿ, ಬೆಲ್ಲ, ಹುಣಸೆಹಣ್ಣು, ಗುರೆಳ್ಳು ಪುಡಿ ಎಲ್ಲವೂ ಮೇಲಿನ ಹಲಗೆಗೆ ಹೋದವು. ನಿರುಪಾದಿ ಬದನೆಕಾಯಿ ಕುದಿಸಿದ. ಹೀರೆಕಾಯಿ ಕುದಿಸಿದ. ಮೆಂತ್ಯ ಸೊಪ್ಪನ್ನೂ ಕುದಿಸಿದ. ಯಾವುದಕ್ಕೂ ಉಪ್ಪು ಹಾಕಲಿಲ್ಲ.

ಮಠದಲ್ಲಿ ಶರಣಪ್ಪ ಎಂಬ ಹಿರಿಯರಿದ್ದರು. ಅಂಗಳ ಗುಡಿಸುವುದು, ಆಕಳು ನೋಡಿಕೊಳ್ಳುವುದು ಅವರ ಕೆಲಸ. ಅವರು ಮೊದಲ ತುತ್ತಿಗೇ ಕೈ ನಿಲ್ಲಿಸಿದರು.

“ನಿರುಪಾದಿ, ಪಲ್ಯಕ್ಕ ಉಪ್ಪು ಮರತೀ ಏನಪಾ?”

“ಮರತಿಲ್ರಿ. ಬೇಕಂತನಾ ಬಿಟ್ಟೀನಿ. ನಾಲಿಗಿ ಕುಣಿಸಿದಂಗ ಕುಣಕೋತ ಹೋದ್ರ ಮನಸ್ಸು ನಿಲ್ಲೂದು ಯಾವಾಗ್ರಿ?”

ಶರಣಪ್ಪ ಅಜ್ಜಾರ ಮುಖ ನೋಡಿದರು. ಅಜ್ಜಾರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಎದ್ದು ಹೋದರು.

ಗುರುಗಳು ಒಪ್ಪಿದರು ಎಂದುಕೊಂಡ ನಿರುಪಾದಿ.

ಹೊಳೆ ದಾಟಿ ಸಂತೆಗೆ ಹೋಗುವವರು ಮಧ್ಯಾಹ್ನ ಮಠದಲ್ಲಿ ಉಂಡು ಹೋಗುವುದು ರೂಢಿ. ಅವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೆಲವರು ಬಾಗಿಲಲ್ಲೇ ನಿಂತು, ಅಜ್ಜಾರಿಗೆ ಕೈಮುಗಿದು, ಈಗಷ್ಟೇ ಉಂಡು ಬಂದೆವೆಂದು ಹೇಳಿ ಮುಂದೆ ಹೋದರು. ಕೊನೆಗೆ ಅವರೂ ಬರಲಿಲ್ಲ. ಉಳಿದ ಪಲ್ಯ ಆಕಳಿಗೆ ಹೋಯಿತು.

ಒಂದು ದಿನ ನಿರುಪಾದಿ ಹೇಳಿದ, “ಅಜ್ಜಾರ, ಒಂದು ಚಲೋ ಆತ್ರಿ. ರುಚಿಗೆ ಬರೋರು ಹೋದ್ರು. ನಿಮ್ಮ ಸಲುವಾಗಿ ಬರೋರು ಅಷ್ಟಾ ಉಳದ್ರು.”

“ಯಾರ್ಯಾರು ಉಳದ್ರಪಾ?”

“ಶರಣಪ್ಪನವರು, ನಾನು, ನೀವುರಿ.”

“ನನಗ ಬ್ಯಾರೆ ಕಡೆ ಯಾರು ಕೂಳು ಹಾಕ್ತಾರ,” ಎಂದರು ಅಜ್ಜಾರು.

ನಿರುಪಾದಿ ನಕ್ಕ. ಅಜ್ಜಾರು ನಗಲಿಲ್ಲ.

ಆ ವಾರದಲ್ಲೇ ಯಮನಪ್ಪ ಬಂಡಿ ಹೂಡಿಕೊಂಡು ಬಂದ. ಬಂಡಿಯಲ್ಲಿ ಅವನ ಹೆಂಡತಿ ಕಸ್ತೂರವ್ವ ಮಲಗಿದ್ದಳು.

ಕಸ್ತೂರವ್ವ ಹೊಳೆದಂಡೆಯ ಹೊಲದಲ್ಲಿ ಕಾಯಿಪಲ್ಯ ಬೆಳೆಯುವಾಕೆ. ಮಠದ ಬದನೆ, ಹೀರೆ, ಮೆಂತ್ಯ ಎಲ್ಲ ಅವಳ ಹೊಲದಿಂದಲೇ ಬರುತ್ತಿತ್ತು. ಮೊದಲೆಲ್ಲ ತಲೆಯ ಮೇಲೆ ಬುಟ್ಟಿ ಹೊತ್ತು ದಡದಡ ನಡೆದು ಬರುತ್ತಿದ್ದಳು. ಈಗ ಅವಳನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು.

“ವಿಷಮ ಜ್ವರ ಬಂದಿತ್ರಿ,” ಎಂದ ಯಮನಪ್ಪ. “ಈಗ ಜ್ವರ ಬಿಟ್ಟೈತಿ. ಹೊಟ್ಟಿಗೆ ಬಿದ್ರ ಎದ್ದು ಓಡ್ಯಾಡ್ತಾಳ ಅಂದಾರ ಡಾಕ್ಟರು. ಆದ್ರ ಏನೂ ಉಣ್ಣವಲ್ಲಳ್ರಿ. ಮನ್ಯಾಗ ಎಲ್ಲಾರೂ ಬೈದು, ಅತ್ತು, ಕಾಲು ಬಿದ್ದು ಸಾಕಾತು. ನಿಮ್ಮ ಕಡೆ ಒಂದು ನಾಕು ದಿನ ಇರಲಿ ಅಂತ ತಂದೀನಿ.”

ಅಜ್ಜಾರು ಅವಳಿಗೆ ಪಡಸಾಲೆಯಲ್ಲಿ ಹಾಸಿಗೆ ಹಾಸಿಸಿದರು. ಆಮೇಲೆ ನಿರುಪಾದಿಯ ಕಡೆ ತಿರುಗಿದರು.

“ನಿನಗ ನಾಲಿಗಿ ಬ್ಯಾಡಾಗೇತಿ. ಆಕಿಗೆ ಇಲ್ಲದಂಗ ಆಗೇತಿ. ನಿಂದು ಆಕಿಗೆ ಕೊಡು.”

“ನಾಲಿಗಿ ಕೊಡೂದು ಹೆಂಗ್ರಿ ಅಜ್ಜಾರ?”

ಅಜ್ಜಾರು ಟವೆಲು ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೋದರು.

ನಿರುಪಾದಿ ಅಂದು ಮಾಡಿದ್ದ ಹೀರೆಕಾಯಿ ಪಲ್ಯವನ್ನೇ ಒಂದು ಬಟ್ಟಲಲ್ಲಿ ತಂದು ಕಸ್ತೂರವ್ವನ ಮುಂದೆ ಇಟ್ಟ. ಅವಳು ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಅದು ಅಲ್ಲೇ ನಿಂತಿತು. ತೆಗೆದು ಬದಿಗಿಟ್ಟು ಗೋಡೆಯ ಕಡೆ ತಿರುಗಿದಳು.

“ಹಟ ಮಾಡಬ್ಯಾಡವ್ವಾ,” ಎಂದ ನಿರುಪಾದಿ. “ಊಟ ಅಂದ್ರ ಔಷಧ ಇದ್ದಂಗ. ರುಚಿ ನೋಡಬಾರದು. ನುಂಗಿಬಿಡಬೇಕು.”

“ನುಂಗಾಕ ಆಗೂದಿಲ್ರಿ. ಬಾಯಾಗ ಮಣ್ಣು ಇಟ್ಟಂಗ ಆಕೈತಿ.”

ಬಟ್ಟಲು ಅಡುಗೆಮನೆಗೆ ವಾಪಸಾಯಿತು. ನಿರುಪಾದಿ ಅದನ್ನು ನೋಡುತ್ತ ನಿಂತ. ಒಂದು ಹೋಳು ತೆಗೆದು, ನೀರು ಬೆರೆಸದೆ, ನಾಲಿಗೆಯ ಮೇಲೆ ಇಟ್ಟುಕೊಂಡ. ಬಹಳ ಕಾಲದ ಮೇಲೆ ಹಾಗೆ ಮಾಡಿದ್ದು.

ಹಸಿ ಬಟ್ಟೆ ಅಗಿದಂತಿತ್ತು.

ಅವನಿಗೆ ನುಂಗುವ ರೂಢಿಯಿತ್ತು, ನುಂಗಿದ. ಸಂತೆಗೆ ಹೋಗುವವರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು.

ಮರುದಿನ ಹಾಲು ಹಾಕಿ ಗಂಜಿ ಮಾಡಿದ. ಒಂದು ಚಮಚೆಗೆ ಅವಳಿಗೆ ಓಕರಿಕೆ ಬಂತು. ಬಾಳೆಹಣ್ಣು ಕಿವುಚಿ ಕೊಟ್ಟ. ವಾಸನೆಯೇ ಸೇರುವುದಿಲ್ಲವೆಂದಳು. ಏನು ಬೇಕೆಂದು ಕೇಳಿದ. ಏನೂ ಬೇಡವೆಂದಳು.

ಕೊಟ್ಟಿಗೆಯ ಹಿಂದೆ ಯಮನಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ನಿರುಪಾದಿಯನ್ನು ಕಂಡು ಮುಖ ಒರೆಸಿಕೊಂಡ.

“ಹೊಲದಾಗ ಕಾಯಿ ಬಲಿಯಾಕತ್ತಾವ್ರಿ. ಮನಿ ಮಂದಿ ಕೈಗೆ ಸಿಕ್ಕಷ್ಟು ಹರಿದು ತರ್ತಾರ, ಉಳದದ್ದು ಬಳ್ಳ್ಯಾಗ ಹಳದಿ ಆಗೇತಿ. ಮೊದಲಾಗಿದ್ರ ಒಂದು ಕಾಯಿ ಬಲತ್ರ ಬೈದು ಇಡತಿದ್ಲು. ಈಗ ಹೊಲದ ಸುದ್ದಿನಾ ಕೇಳವಲ್ಲಳು.” ಮತ್ತೆ ಮುಖ ಒರೆಸಿಕೊಂಡು ಕೇಳಿದ, “ಹಿಂಗಾ ಇದ್ರ ಉಳೀತಾಳೇನ್ರಿ?”

ನಿರುಪಾದಿ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತ.

ಅವನಿಗೂ ಸಣ್ಣವನಿದ್ದಾಗ ಒಮ್ಮೆ ಜ್ವರ ಬಂದು ಬಾಯಿ ಕೆಟ್ಟಿತ್ತು. ಆಗ ಅಕ್ಕ ಬದನೆಕಾಯಿ ಸುಟ್ಟು ಕೊಟ್ಟಿದ್ದಳು. ಅದನ್ನು ಅವನು ನೆನೆಸಿಕೊಂಡು ಎಷ್ಟೋ ವರ್ಷವಾಗಿತ್ತು. ವ್ರತ ಹಿಡಿದ ಮೇಲೆ ಅಂಥ ನೆನಪು ಬಂದರೆ ಎದ್ದು ಹೋಗಿ ತಣ್ಣೀರಲ್ಲಿ ಮುಖ ತೊಳೆಯುತ್ತಿದ್ದ.

ಇಂದು ಎದ್ದು ಹೋಗಲಿಲ್ಲ.

ಅಕ್ಕ ಕೆಂಡದ ಪಕ್ಕ ಕೂತಿದ್ದಳು. ಸುಟ್ಟ ಕಾಯಿಯ ಸಿಪ್ಪೆ ಸುಲಿದಳು. ಬೆರಳು ಸುಟ್ಟುಕೊಂಡು ಊದಿಕೊಂಡಳು. ಕಿವುಚಿ, ಉಪ್ಪು ಹಾಕಿ, ಚೂರು ಅಂಗೈಗೆ ಇಟ್ಟುಕೊಂಡು ನೆಕ್ಕಿದಳು. ಕಣ್ಣು ಮುಚ್ಚಿ ಏನೋ ಯೋಚಿಸಿದಳು. ಮತ್ತೆ ಒಂದು ಚಿಟಿಕೆ ಉಪ್ಪು ಹಾಕಿದಳು. ಮತ್ತೆ ನೆಕ್ಕಿ ನೋಡಿದಳು. ಆಮೇಲೆ ಅವನ ಬಾಯಿಗೆ ಇಟ್ಟಳು.

ನಿರುಪಾದಿ ಬುಟ್ಟಿಯಲ್ಲಿ ಹುಡುಕಿ ಒಂದು ದಪ್ಪ ಬದನೆಕಾಯಿ ಆರಿಸಿದ. ಹುಳು ಇದೆಯೇ ಎಂದು ಸೀಳಿ ನೋಡಿದ. ಎಣ್ಣೆ ಸವರಿ ಕೆಂಡದ ಮೇಲಿಟ್ಟ. ಸಿಪ್ಪೆ ಚಟಚಟ ಎಂದಿತು, ಕಪ್ಪಾಯಿತು, ಬಿರಿಯಿತು. ಪಕ್ಕದಲ್ಲಿ ಒಂದು ಹಸಿಮೆಣಸಿನಕಾಯಿ, ನಾಲ್ಕು ಬೆಳ್ಳುಳ್ಳಿ ಎಸಳು ಸುಟ್ಟುಕೊಂಡ. ಮೇಲಿನ ಹಲಗೆಯಿಂದ ಡಬ್ಬಿಗಳನ್ನು ಇಳಿಸಿದ.

ಎಲ್ಲವನ್ನೂ ಕಿವುಚಿ, ಕೊತ್ತಂಬರಿ ಹಾಕಿದ. ಉಪ್ಪು ಹಾಕಿದ. ಎಷ್ಟು ಹಾಕಬೇಕೆಂದು ತಿಳಿಯಲಿಲ್ಲ. ಅದನ್ನು ತಿಳಿಯಲು ಒಂದೇ ದಾರಿಯಿತ್ತು.

ಚೂರು ಅಂಗೈಗೆ ಇಟ್ಟುಕೊಂಡು ನೆಕ್ಕಿದ.

ಬಾಯಿ ತುಂಬ ನೀರು ಬಂತು. ಕಣ್ಣಲ್ಲೂ ಬಂತು. ಬಾಗಿಲಲ್ಲಿ ನೆರಳು ಕಂಡು ತಿರುಗಿದರೆ ಅಜ್ಜಾರು ನಿಂತಿದ್ದರು.

ನಿರುಪಾದಿ ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡ. “ತಪ್ಪಾತ್ರಿ ಅಜ್ಜಾರ.”

“ಉಪ್ಪು ಸರಿ ಐತೇನು?”

“ಇನ್ನಾ ಚೂರು ಬೇಕ್ರಿ.”

“ಹಾಕು ಮತ್ತ,” ಎಂದು ಅಜ್ಜಾರು ಹೊರಟುಹೋದರು.

ನಿರುಪಾದಿ ಹಾಕಿದ, ನೋಡಿದ. ಮೆತ್ತನೆಯದೊಂದು ಜೋಳದ ರೊಟ್ಟಿ ಬಡಿದ. ಎರಡನ್ನೂ ತಗೊಂಡು ಪಡಸಾಲೆಗೆ ಹೋದ.

ಕಸ್ತೂರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸುಟ್ಟ ಬದನೆಯ ವಾಸನೆಗೆ ತಿರುಗಿದಳು. ಅವನು ಉಣ್ಣು ಎಂದು ಹೇಳಲಿಲ್ಲ. ತಟ್ಟೆ ಇಟ್ಟು ಸುಮ್ಮನೆ ಕೂತ.

ಅವಳು ಬೆರಳ ತುದಿಯಿಂದ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಬಾಯಾಡಿಸಿದಳು. ಹುಬ್ಬು ಗಂಟಿಕ್ಕಿದಳು.

“ಹುಳಿ ಕಡಿಮಿ ಆಗೇತಿ,” ಎಂದಳು.

ಕಂಬಕ್ಕೆ ಒರಗಿದ್ದ ಯಮನಪ್ಪ ನೆಟ್ಟಗೆ ನಿಂತ. “ಏನಂದಿ?”

“ಹುಳಿ ಕಡಿಮಿ ಆಗೇತಿ ಅಂದೆ. ಲಿಂಬಿ ಇಲ್ಲೇನು ಇವರ ಮನ್ಯಾಗ?”

ನಿರುಪಾದಿ ಅಡುಗೆಮನೆಗೆ ಓಡಿದ. ಹೊಸ್ತಿಲಿಗೆ ಕಾಲು ಎಡವಿತು. ನಿಂಬೆಹಣ್ಣು ಕೊಯ್ದು ತಂದು ಹಿಂಡಿದ. ಅವಳು ರೊಟ್ಟಿ ಮುರಿದು ಅದ್ದಿಕೊಂಡಳು. ಒಂದು ತುತ್ತು ಉಂಡಳು. ಇನ್ನೊಂದು ಉಂಡಳು. ಅರ್ಧ ರೊಟ್ಟಿ ಮುಗಿಯಿತು.

“ಬದನಿಕಾಯಿ ನಮ್ಮ ಹೊಲದ್ದನಾ?” ಎಂದು ಕೇಳಿದಳು.

“ಹೌದವ್ವಾ.”

“ಬೀಜ ಬಲತೈತಿ.” ಅವಳು ಗಂಡನ ಕಡೆ ತಿರುಗಿದಳು. “ಎಳೇದಿದ್ದಾಗನಾ ಹರೀಲಿಲ್ಲೇನು? ನಾ ಮಲಗಿದ್ರ ಹೊಲಾನೂ ಮಲಗಬೇಕೇನು?”

“ಬೈಯಿ,” ಎಂದ ಯಮನಪ್ಪ. “ಬೈಯಿ ನೀನು.”

ಆಮೇಲೆ ದಿನಾ ಒಂದೊಂದು. ಬಿಸಿ ಅನ್ನಕ್ಕೆ ಟೊಮೆಟೊ ಚಟ್ನಿ. ಮೆಂತ್ಯ ಸೊಪ್ಪಿನ ಎಳೆ ಕುಡಿ ಹೆಚ್ಚಿ ಮೊಸರಲ್ಲಿ ಪಚಡಿ. ಹೀರೆಕಾಯಿಗೆ ಹೆಸರುಬೇಳೆ ಹಾಕಿ, ಒಗ್ಗರಣೆ ಕೊಟ್ಟು ಪಲ್ಯ. ಅವಳು ಎದ್ದು ಕೂರುವಂತಾದ ಮೇಲೆ ಮಧ್ಯಾಹ್ನ ಬಾಯಾಡಿಸಲು ಪೇರಲಹಣ್ಣಿನ ಹೋಳಿಗೆ ಉಪ್ಪು, ಖಾರ. ಎಲ್ಲದರಲ್ಲೂ ಅವಳು ಏನಾದರೊಂದು ತಪ್ಪು ಹುಡುಕುತ್ತಿದ್ದಳು. ಎಲ್ಲವನ್ನೂ ಉಣ್ಣುತ್ತಿದ್ದಳು.

ಒಬ್ಬರಿಗೆ ಬೇರೆ, ಉಳಿದವರಿಗೆ ಬೇರೆ ಅಡುಗೆ ಮಾಡಲು ಆಗುವುದಿಲ್ಲವಲ್ಲ. ಶರಣಪ್ಪ ಎರಡನೆಯ ರೊಟ್ಟಿ ಕೇಳಿದರು. ಅಜ್ಜಾರು ಮೊದಲಿನಂತೆಯೇ ತಟ್ಟೆ ಖಾಲಿ ಮಾಡಿ ಎದ್ದರು. ಸಂತೆಗೆ ಹೋಗುವವರಲ್ಲಿ ಯಾರೋ ಒಬ್ಬರು ವಾಸನೆ ಹಿಡಿದು ಒಳಗೆ ಬಂದರು. ಮುಂದಿನ ಸಂತೆಗೆ ಪಂಕ್ತಿಯೇ ಕೂತಿತು.

ಕಸ್ತೂರವ್ವ ಬಂಡಿಯಲ್ಲಿ ಬಂದವಳು ನಡೆದೇ ಮನೆಗೆ ಹೋದಳು.

ನಿರುಪಾದಿಗೆ ಮಾತ್ರ ಒಳಗೊಂದು ಕಸಿವಿಸಿ ಉಳಿಯಿತು. ತನ್ನ ಬಟ್ಟಲಿಗೆ ಎಲ್ಲವನ್ನೂ ಹಾಕಿ ನೀರು ಸುರಿಯಲು ಹೋದರೆ ಕೈ ಬರುತ್ತಿರಲಿಲ್ಲ. ಸುರಿಯದೆ ಉಂಡರೆ ಸಮಾಧಾನವಿರಲಿಲ್ಲ. ಎರಡು ಹೊತ್ತು ಉಣ್ಣದೆಯೂ ನೋಡಿದ. ಹಸಿವಾಯಿತು, ಅಷ್ಟೇ.

ಒಂದು ಸಂಜೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಯಮನಪ್ಪ ಬುಟ್ಟಿಯೊಂದನ್ನು ತಂದು ಅವರ ಪಕ್ಕದಲ್ಲಿಟ್ಟು ಹೋಗಿದ್ದ. ಬುಟ್ಟಿಯಲ್ಲಿ ಸೌತೆಕಾಯಿ ಇದ್ದವು. ಈ ಸಲದ ಬಳ್ಳಿಯ ಮೊದಲ ಕೊಯ್ಲು.

ನಿರುಪಾದಿ ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

“ಅಜ್ಜಾರ, ನನ್ನ ವ್ರತ ಮುರೀತ್ರಿ.”

“ಹೂಂ.”

“ಅಡಗಿಮನಿಗೆ ಹೋದ್ರ ಸಾಕು, ಬಾಯಾಗ ನೀರು ಬರ್ತೈತಿ. ಮತ್ತ ಮೊದಲಿನ ತಿಂಡಿಪೋತನಾ ಆಗೀನೇನೋ ಅಂತ ಅಂಜಿಕಿ ಆಗೇತ್ರಿ.”

ಅಜ್ಜಾರು ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದರು. ಸೊಂಟದ ಚೀಲದಿಂದ ಸಣ್ಣ ಚಾಕು ತೆಗೆದು ತೊಟ್ಟಿನ ಕಡೆ ಕೊಯ್ದರು.

“ಗೆಲ್ಲಾಕ ಬರಲಿಲ್ಲ. ಬಿಡಾಕೂ ಬರೂದಿಲ್ಲ,” ಎಂದ ನಿರುಪಾದಿ. “ಈ ನಾಲಿಗಿ ತಗೊಂಡು ನಾ ಏನು ಮಾಡ್ಲಿ ಹೇಳ್ರಿ.”

ಅಜ್ಜಾರು ಒಂದು ತೆಳ್ಳನೆಯ ಬಿಲ್ಲೆ ಕೊಯ್ದು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿ ಉಗುಳಿದರು. ಆ ಕಾಯಿಯನ್ನು ಆಕಳಿಗೆಂದು ಬದಿಗಿಟ್ಟರು.

ಇನ್ನೊಂದು ತೆಗೆದರು. ತೊಟ್ಟು ಕೊಯ್ದರು. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು, ಹೊಳೆಯನ್ನು ನೋಡುತ್ತ, ನಿಧಾನವಾಗಿ ಅಗಿದರು. ನುಂಗಿದರು.

ಉಳಿದ ಕಾಯಿಯನ್ನು ನಿರುಪಾದಿಯ ಕೈಯಲ್ಲಿಟ್ಟರು.

“ತಿನ್ನು. ಇದು ಕಹಿ ಇಲ್ಲ.”