ಬಿಟ್ಟಿ ಸುರಂಗ

ಮಾರ್ಚ್ ಹದಿನೆಂಟು. ಬಿಸಿಲು ಜೋರಾಗಿತ್ತು, ಗಾಳಿಯಿರಲಿಲ್ಲ. ದರ್ಜಿ ಮಾದಪ್ಪನ ಮನೆಯ ಗೋಡೆಯ ಹಲ್ಲಿ ಇಂಟರ್ನೆಟ್ ಬಳಕೆಯನ್ನು ಮರೆಮಾಡುವ ಹೊಸ ವಿಪಿಎನ್ ರೂಟರನ್ನು ಕೇಳಿತು: “ಯಾಕಣ್ಣಾ, ಮೈ ಇಷ್ಟು ಸುಡುತ್ತಿದೆ?”

“ಸಾಕಾಗಿದೆ ತಂಗೀ. ಮಾದಪ್ಪನಿಗೆ ಕೈನಡುಕ. ಗಿರಾಕಿಗಳಿಗೆ ತಿಳಿದರೆ ಯಾರೂ ಬಟ್ಟೆ ಹೊಲಿಯಲು ಕೊಡುವುದಿಲ್ಲ. ಅವನು ಫೋನಿನಲ್ಲಿ ಮದ್ದು ಹುಡುಕುವುದನ್ನೆಲ್ಲ ಯಾರಿಗೂ ಕಾಣದಂತೆ ಸುರಂಗದಲ್ಲಿ ಸಾಗಿಸುತ್ತಿದ್ದೇನೆ.”

“ಸುರಂಗ ಯಾರದು?”

“ಯಾವುದೋ ಕಂಪನಿಯದು. ಬಿಟ್ಟಿಯಾಗಿ ಕೊಟ್ಟಿದ್ದಾರೆ. ಎಲ್ಲಿ, ನಿಜವೆಂದು ಒಮ್ಮೆ ಲೊಚಗುಟ್ಟು.”

“ಬಿಟ್ಟಿ ಎಂಬ ಮಾತಿಗೆ ನನಗೆ ಲೊಚಗುಟ್ಟಲು ಬಾಯಿ ಬರುವುದಿಲ್ಲ ಅಣ್ಣಾ. ಬದಲಿಗೆ ಮಾದಪ್ಪ ಏನು ಕೊಟ್ಟ, ಹೇಳು.”

ರೂಟರ್ ದೀಪ ಮಿಟುಕಿಸುತ್ತಾ ಕಂಪನಿಯ ಷರತ್ತುಗಳನ್ನು ಮೊದಲ ಸಲ ಓದಿ ನೋಡಿತು.

“ಸುರಂಗದವರು ಅದರೊಳಗೆ ಹೋದದ್ದನ್ನೆಲ್ಲ ಓದಿ ಮಾರುತ್ತಾರೆ. ಮಾದಪ್ಪ ಕೊಟ್ಟದ್ದು ಕೈನಡುಕದ ಗುಟ್ಟನ್ನೇ.”