ಅತಿಥಿಗೆ ಬಿಟ್ಟುಕೊಟ್ಟ ಮೇಜು

“ಗುರುಗಳೇ, ಶಸ್ತ್ರಚಿಕಿತ್ಸೆ ಮಾಡಲು ದೂರದ ದ್ವೀಪವೊಂದಕ್ಕೆ ಹೊರಟಿದ್ದೇನೆ. ಸಂಬಳ ಪಡೆಯುವುದಿಲ್ಲ. ಅಲ್ಲಿಯವರನ್ನು ಕೇಳಿದೆ, ಅವರೂ ಒಪ್ಪಿದ್ದಾರೆ. ಇಂಥ ಸೇವೆಯಲ್ಲೂ ತಪ್ಪು ನಡೆಯಬಹುದೇ?”

ಹೀಗೆ ಕೇಳಿದವಳು ನಿರುಪಮಾ. ಆಶೀರ್ವಾದ ಪಡೆಯಲು ತನಗೆ ವೈದ್ಯವಿದ್ಯೆ ಕಲಿಸಿದ ಸಂಗಯ್ಯನವರ ಬಳಿ ಬಂದಿದ್ದಳು. ಸಂಗಯ್ಯನವರು ಮುಂಗೋಪಿ. ಆಶೀರ್ವಾದ ಆಮೇಲೆ, ಮೊದಲು ಕೂತುಕೋ ಎಂದರು. ಅವಳು ಕೂತ ಮೇಲೆ ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಒಳ್ಳೆಯ ಕೈಗುಣ. ಸೀಳುತುಟಿಯ ಮಕ್ಕಳಿಗೆ ತುಟಿ ಕೂಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಿನ್ನ ಹಾಗೆಯೇ ಸಂಬಳವಿಲ್ಲದೆ ಒಂದು ದ್ವೀಪಕ್ಕೆ ಹೋದ. ಅಲ್ಲಿ ಒಂದೇ ಆಸ್ಪತ್ರೆ, ಒಬ್ಬನೇ ವೈದ್ಯ, ಶಸ್ತ್ರಚಿಕಿತ್ಸೆಗೆ ಒಂದೇ ಮೇಜು. ಆ ನಾಡಿನಲ್ಲೊಂದು ರೂಢಿ. ಅತಿಥಿ ಏನು ಕೇಳಿದರೂ ಮನೆಯವರು ಇಲ್ಲ ಅನ್ನುವಂತಿಲ್ಲ. ಅಂದವನು ಊರಿನಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಇದನ್ನು ಬಂದ ದಿನವೇ ಅವನಿಗೆ ತಿಳಿಸಿದ್ದರು. ಎಂಥ ಒಳ್ಳೆಯ ಜನ ಎಂದು ಮೆಚ್ಚಿಕೊಂಡ, ಮಹಾನುಭಾವ. ಮೆಚ್ಚಿಕೊಂಡು, ನಿಮ್ಮ ಮೇಜು ಬಳಸಲೇ ಎಂದು ವಿನಯದಿಂದ ಕೇಳಿದ. ಊರಿನ ವೈದ್ಯ ಮೇಜನ್ನೂ ಬಿಟ್ಟುಕೊಟ್ಟ, ದಾದಿಯರನ್ನೂ ಬಿಟ್ಟುಕೊಟ್ಟ.

ಕೆಲಸ ಚೆನ್ನಾಗಿಯೇ ನಡೆಯಿತು, ಸುಳ್ಳೇಕೆ ಹೇಳಲಿ. ತುಟಿ ಕೂಡಿದ ಮಗುವನ್ನು ಎತ್ತಿಕೊಂಡು ಅತ್ತ ಅಪ್ಪಂದಿರಿದ್ದರು.

ಅವನು ಹೊರಡುವ ಮುನ್ನಾದಿನ ನೋವು ತಿನ್ನುತ್ತಿದ್ದ ಬಸುರಿಯೊಬ್ಬಳನ್ನು ಹೊತ್ತು ತಂದರು. ಮಗು ಅಡ್ಡ ತಿರುಗಿತ್ತು. ಹೊಟ್ಟೆ ಕೊಯ್ದು ತೆಗೆಯದೆ ಬೇರೆ ದಾರಿಯಿರಲಿಲ್ಲ. ಅಂಥ ಎಷ್ಟೋ ಹೆರಿಗೆಗಳನ್ನು ಊರಿನ ವೈದ್ಯ ಅದೇ ಮೇಜಿನ ಮೇಲೆ ಮಾಡಿಸಿದ್ದ. ಅವನು ಬಂದು ಬಾಗಿಲಲ್ಲಿ ನಿಂತ. ಒಳಗಿದ್ದವನು ಒಂದು ಮಗುವಿನ ಹೊಲಿಗೆ ಮುಗಿಸಿ, ಇನ್ನೊಂದನ್ನು ಕರೆತರಲು ಹೇಳುತ್ತಿದ್ದ. ನಾಳೆ ನಾನು ಹೊರಡಬೇಕು, ಉಳಿದ ಮಕ್ಕಳದ್ದೂ ಮುಗಿಸಿಬಿಡುತ್ತೇನೆ, ನಿಮಗೇನೂ ತೊಂದರೆಯಿಲ್ಲ ತಾನೇ ಎಂದ.

ತೊಂದರೆಯಿಲ್ಲ ಎಂದ ಊರಿನ ವೈದ್ಯ. ಹೊರಗೆ ಬಂದು ಆ ಹೆಂಗಸನ್ನು ದೋಣಿಯಲ್ಲಿ ಮಲಗಿಸಿ, ಗಂಡನ ಜೊತೆ ಆಚೆ ದಡದ ಆಸ್ಪತ್ರೆಗೆ ಕಳಿಸಿದ.

ಬೆಳಿಗ್ಗೆ ಅತಿಥಿಯನ್ನು ಬೀಳ್ಕೊಡಲು ಊರೇ ದಡಕ್ಕೆ ಬಂತು. ಅವನು ಹೋಗಬೇಕಾದದ್ದೂ ಅದೇ ದೋಣಿಯಲ್ಲಿ. ಅದು ಬಂದಾಗ ಗಂಡನೊಬ್ಬನೇ ಇಳಿದ. ಹೆಂಡತಿ ಆಚೆಯ ಆಸ್ಪತ್ರೆಯಲ್ಲಿ ಬದುಕಿಕೊಂಡಿದ್ದಳು. ಮಗು ನಡುನೀರಿನಲ್ಲೇ ಹೋಗಿತ್ತು. ಬಟ್ಟೆಯಲ್ಲಿ ಸುತ್ತಿದ ಆ ಕೂಸು ಅವನ ಕೈಯಲ್ಲಿತ್ತು. ಎದುರಿಗೆ ಅತಿಥಿಯನ್ನು ಕಂಡವನೇ ಕೂಸನ್ನು ಒಂದು ತೋಳಿಗೆ ಬದಲಿಸಿಕೊಂಡು, ಇನ್ನೊಂದು ಕೈ ಚಾಚಿ, ಜೋಪಾನ ಎನ್ನುತ್ತಾ ಅವನನ್ನು ದೋಣಿ ಹತ್ತಿಸಿದ.

ಆಗ ದೋಣಿಯವನ ಬಾಯಿಂದ ಅತಿಥಿಗೆ ವಿಷಯ ತಿಳಿಯಿತು. ದೋಣಿಯಲ್ಲಿ ನಿಂತೇ ಊರಿನ ವೈದ್ಯನನ್ನು ಕೇಳಿದ. “ನಿನ್ನೆಯೇ ಯಾಕೆ ಹೇಳಲಿಲ್ಲ?”

“ಅತಿಥಿ ನೀವು, ಕೇಳಿದಿರಲ್ಲ” ಎಂದ ಊರಿನ ವೈದ್ಯ.

ಸಂಗಯ್ಯನವರು ಕಣ್ಣೊರೆಸಿಕೊಂಡರು. ನಿರುಪಮಾ ಮೆಲ್ಲಗೆ ಹೇಳಿದಳು.

“ಬಂದವರು ಕೇಳಿಯೇ ಮಾಡಿದರಲ್ಲ, ಗುರುಗಳೇ. ಊರಿನ ವೈದ್ಯರು ಬಾಯಿಬಿಟ್ಟು ಹೇಳಬೇಕಿತ್ತು.”

“ಇಲ್ಲ ಎನ್ನಲಾಗದವರನ್ನು ಕೇಳಿ ಪಡೆದದ್ದು, ತಾಯೀ, ಕಸಿದುಕೊಂಡದ್ದೇ.”